ಅನುಭವ: ಇಲ್ಲ

ಉಪ್ಪಳದಲ್ಲಿ ಬಸ್ಸು ನಿಲ್ಲುವಲ್ಲಿ, ಮೀನಿನ ಐಸು ಪೆಟ್ಟಿಗೆಗಳ ಪಕ್ಕ
ನನ್ನ ಅಂಗಡಿ. ಬೋರ್ಡು ಮೂರು ಲಿಪಿಯಲ್ಲಿ:
ಝೆರಾಕ್ಸ್, ಲ್ಯಾಮಿನೇಶನ್, ಬಯೋಡೇಟಾ.
ಮೂರರಲ್ಲೂ ಕಾಗುಣಿತ ತಪ್ಪಿದೆ;
ತಿದ್ದಿಸುವ ದುಡ್ಡಿಗೆ ಅರ್ಧ ಟೋನರು ಬರುತ್ತದೆಂದು ಬಿಟ್ಟಿದ್ದೇನೆ.

ವಾರಿಜ ಬಂದದ್ದು ಮಂಗಳವಾರ,
ಸರಿಯಾಗಿ ಕರೆಂಟು ಹೋದ ಹೊತ್ತಿಗೆ.
ಚೀಲದೊಳಗೊಂದು ಚೀಲ, ಅದರೊಳಗೆ
ಎಸ್ಸೆಸ್ಸೆಲ್ಸಿ ಪುಸ್ತಕ, ಅಂಚು ಜಿರಳೆ ತಿಂದದ್ದು.
"ಕುಂಬಳೆ ಆಸ್ಪತ್ರೆಯ ಮದ್ದಿನ ಗೋದಾಮಿಗೆ ಜನ ಬೇಕಂತೆ.
ಶುಕ್ರವಾರ ಇಂಟರ್‌ವ್ಯೂ.
ಒಂದು ಹಾಳೆ ಮಾಡಿಕೊಡಿ. ಚಂದಕ್ಕೆ."

ಯುಪಿಎಸ್ಸು ಕುಂಯ್ ಎನ್ನುತ್ತಿತ್ತು. ಹದಿನೈದು ನಿಮಿಷ ಇದೆ ನಮಗೆ.

ಹೆಸರು, ತಂದೆ, ಮನೆ. ಇಷ್ಟು ಸಲೀಸು.
ಬರುವ ಭಾಷೆ?
ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ,
ಬೇಲಿಯಾಚೆ ಬ್ಯಾರಿ, ಪಂಚಾಯತಿನಲ್ಲಿ ಮಲಯಾಳ.
"ಮಲಯಾಳ ಓದಲು ಬರುತ್ತದಾ?"
"ಬಸ್ಸಿನ ಬೋರ್ಡು ಓದುತ್ತೇನೆ.
ಇಷ್ಟರವರೆಗೆ ತಪ್ಪು ಬಸ್ಸು ಹತ್ತಿಲ್ಲ."

ಅನುಭವ?
"ಇಲ್ಲ" ಅಂದಳು,
ಹರಿದ ನೋಟು ಕೊಡುವವರ ಹಾಗೆ
ಸ್ವಲ್ಪ ಮಡಚಿ.

"ಹತ್ತೊಂಬತ್ತು ವರ್ಷ ಮತ್ತೆ ಎಂತ ಮಾಡಿದ್ದು?"
"ಬೀಡಿ ಕಟ್ಟಿದ್ದು."
"ದಿನಕ್ಕೆ ಎಷ್ಟು?"

ಆಗ ಬಾಯಿ ಬಂತು ಅವಳಿಗೆ.
ಎಂಟುನೂರು. ಇಪ್ಪತ್ತೈದರ ಕಟ್ಟು. ಎಲೆ ಕಮ್ಮಿ ಕೊಟ್ಟರೆ
ತಕ್ಕಡಿಗಿಂತ ಮೊದಲು ಅಂಗೈಗೆ ಗೊತ್ತಾಗುತ್ತದೆ.
ಕೇರಿಯ ಹನ್ನೊಂದು ಹೆಂಗಸರ ಪಾಸ್‌ಬುಕ್ಕು ಬರೆಯುವುದು ತಾನೇ.
ಒಮ್ಮೆ ಬ್ರಾಂಚಿನವ ನೂರೆಪ್ಪತ್ತು ಹಾಳು ಎಂದು ಹೊರಗೆಸೆದ;
ಅಂಗಳದಲ್ಲೇ ಕೂತು ಎಣಿಸಿದಳು, ಅವನ ಎದುರಿಗೇ.
ಅರುವತ್ತೆರಡು.
"ಆದರೆ ಅದು ಅನುಭವ ಹೇಗಾಗುತ್ತದೆ? ಅದು ಬೀಡಿ ಅಲ್ಲವಾ."

ನಾನು ಬಡಿಯುತ್ತಾ ಹೋದೆ:
ದಾಸ್ತಾನು. ತೂಕ. ಹನ್ನೊಂದು ಜನರ ಲೆಕ್ಕ.
'ಪರಿಣತಿ' ಎಂದು ಬರೆದು, ಓದಿ, ಅಳಿಸಿದೆ.
ಅಷ್ಟರಲ್ಲಿ ಯುಪಿಎಸ್ಸು ಪ್ರಾಣ ಬಿಟ್ಟಿತು.
ಸೇವ್ ಮಾಡಿರಲಿಲ್ಲ.

ಕತ್ತಲೆ ಅಂಗಡಿಯಲ್ಲಿ ನಾನು ಮ್ಯಾನೇಜರ್ ಆದೆ.
ಬಾಗಿಲಿಲ್ಲದ ಕಡೆ ಬಾಗಿಲು ತಟ್ಟಿ ಬಂದಳು,
ಹೇಳಿದ ಮೇಲೆ ಕೂತಳು.
ಮಡಿಲಲ್ಲಿ ಬೆರಳುಗಳು ತಮ್ಮಷ್ಟಕ್ಕೆ ಸುತ್ತುತ್ತಿದ್ದವು:
ಎಲೆ ಇಲ್ಲ, ಪುಡಿ ಇಲ್ಲ, ನೂಲಿಲ್ಲ,
ಬರೇ ಗಾಳಿಯ ಬೀಡಿ.
"ಕೈ ನಿಲ್ಲಿಸಿ" ಎಂದೆ.
ಕೈ ನಿಂತಿತು. ಮಾತೂ ನಿಂತಿತು.
ಎರಡು ಬಸ್ಸು ಹೋಗುವಷ್ಟು ಹೊತ್ತು ಸುಮ್ಮನೆ ಕೂತೆವು.
"ಸರಿ, ಸುತ್ತಿ ಮಾರಾಯ್ರೇ. ಮೇಜಿನ ಕೆಳಗೆ ಯಾರಿಗೆ ಕಾಣುತ್ತದೆ?"

"ನಿಮಗೇ ಯಾಕೆ ಕೊಡಬೇಕು ಈ ಕೆಲಸ?"
ಬೆರಳು ಸುತ್ತುತ್ತಾ ಯೋಚಿಸಿದಳು.
"ಬೇರೆ ಯಾರೆಲ್ಲ ಬಂದಿದ್ದಾರೆ ಎಂದು ನೋಡದೆ
ಹೇಗೆ ಹೇಳುವುದು ಸರ್?"

ಇದಕ್ಕೆ ನನ್ನಲ್ಲಿ ತಿದ್ದುಪಡಿ ಇರಲಿಲ್ಲ.
ನನ್ನದೇ ಬಯೋಡೇಟಾ ಆರು ಪುಟ;
ಹಿಂದೆ ಒಂಬತ್ತು ಕಡೆ ಕಳಿಸಿದ್ದೆ,
ಈಗ ಅದರ ಬೆನ್ನಿನ ಮೇಲೆ ಟೆಸ್ಟ್ ಪ್ರಿಂಟು ತೆಗೆಯುತ್ತೇನೆ.

ಕರೆಂಟು ಬಂದದ್ದು ಐದಕ್ಕೆ.
ಎಲ್ಲ ಮತ್ತೆ ಮೊದಲಿನಿಂದ. ಈ ಸಲ ಅವಳೇ ಹೇಳಿದಳು,
ನಾನು ಬರಿಯ ಬೆರಳು.
ಒಂದು ಅಂಕೆ ತಪ್ಪಿದ್ದಕ್ಕೆ ಪರದೆ ಮುಟ್ಟಿ ತೋರಿಸಿದಳು.
ಗುರುತು ಉಳಿಯಿತು, ಸಣ್ಣಗೆ, ಹೊಗೆಸೊಪ್ಪಿನ ಬಣ್ಣ.

ಶುಕ್ರವಾರ ಎಂಟೂ ಹತ್ತರ ಬಸ್ಸಿಗೆ ಕಾದದ್ದು ನೋಡಿದೆ.
ಹಾಳೆಯನ್ನು ಮಡಚಿರಲಿಲ್ಲ.
ತುಟಿ ಅಲ್ಲಾಡುತ್ತಿತ್ತು; ಯಾವ ಭಾಷೆಯಲ್ಲೋ.

ಸೋಮವಾರ ಇಬ್ಬರು ಬಂದರು ಅದೇ ಕೇರಿಯಿಂದ,
ಕೈಯಲ್ಲಿ ಚೀಲದೊಳಗೆ ಚೀಲ.
"ವಾರಿಜಕ್ಕನಿಗೆ ಮಾಡಿದ ಹಾಗೆ ಒಂದೊಂದು."
"ಅವರಿಗೆ ಆಯಿತಾ?"
"ಗೊತ್ತಿಲ್ಲ. ಹೇಳಲಿಲ್ಲ."

ಸ್ಟೂಲು ಎಳೆದು ಕೊಟ್ಟೆ. ಕರೆಂಟು ಇತ್ತು.
ಹೆಸರಿಗಿಂತ ಮೊದಲೇ ಕೇಳಿದೆ:
"ದಿನಕ್ಕೆ ಎಷ್ಟು?"