ಅಳತೆ ಪುಸ್ತಕದ ಕೊನೆಯ ಹಾಳೆ

ಸೋಮವಾರ ಆರ್ಡರು ಬಂತು. ಮೆಸ್ಕಾಂ ಸೀಲು, ಸಹಿ.
ನಮ್ಮ ಲೈನ್‌ಮನ್ನಿಗೆ ವರ್ಗ: ನಿಟ್ಟೂರು.
ಹೋಗುವುದಾದರೆ ಮೂವರೂ ಹೋಗಬೇಕು,
ಇಲ್ಲವೆ ಅವರೊಬ್ಬರೇ ಅಲ್ಲಿ ರೂಮು ಮಾಡಿ
ಶನಿವಾರದ ಬಸ್ಸಿಗೆ ಬಟ್ಟೆಗಂಟು ಹೊತ್ತು ಬರಬೇಕು.
'ನೀನೇ ಹೇಳು' ಅಂದರು, ತಟ್ಟೆ ನೋಡುತ್ತ.

ದುರ್ಗಿಗುಡಿಯ ಈ ಆರಡಿ ಅಂಗಡಿಯಲ್ಲಿ
ಶಟರು ಅರ್ಧ ಎಳೆದು ಕೂತಿದ್ದೇನೆ.
ಅಳತೆ ಪುಸ್ತಕದ ಕೊನೆಯ ಹಾಳೆಗೆ
ನಡುವೆ ಸ್ಕೇಲಿಟ್ಟು ಗೆರೆ.
ಎಡಕ್ಕೆ ಹೋಗು, ಬಲಕ್ಕೆ ಇರು.

ಹೋಗು: ಬಾಡಿಗೆ ಸಾವಿರದ ಐನೂರು.
ಇರು: ಬಾಡಿಗೆ ಏಳು ಸಾವಿರ, ನೀರಿಗೆ ಬೇರೆ,
ಓನರಮ್ಮನ ಬ್ಲೌಸು ಪುಕ್ಕಟೆ.
ಛೆ, ಇದು ಆ ಕಡೆಗೆ ಬರಬೇಕಿತ್ತು.

ಹೋಗು: ತೇಜುವಿನ ಎದೆಯ ಕುಯ್ ಕುಯ್.
ಬಿ.ಎಚ್. ರಸ್ತೆಯ ಧೂಳಿಗೆ ತಿಂಗಳಿಗೊಂದು ಪಫ್ಫು,
ಅಲ್ಲಿ ಗಾಳಿ ತೊಳೆದಿಟ್ಟ ಹಾಗಿರುತ್ತದಂತೆ.
ಇರು: ತೇಜುವಿನ ಎದೆಯ ಕುಯ್ ಕುಯ್.
ರಾತ್ರಿ ಎರಡಕ್ಕೆ ಎದ್ದರೂ ಮೆಗ್ಗಾನಿಗೆ ಹತ್ತು ನಿಮಿಷ, ಆಟೋದಲ್ಲಿ.
ಅಲ್ಲಿಂದ ಹೊಸನಗರಕ್ಕೇ ಒಂದು ಗಂಟೆ, ಜೀಪು ಸಿಕ್ಕರೆ.
ಒಂದೇ ಮಗು, ಒಂದೇ ಉಬ್ಬಸ,
ಎರಡೂ ಕಡೆ ಬರೆದೆ.

ಇರು: ಗೌರಿ ಹಬ್ಬಕ್ಕೆ ನಲವತ್ತು ಬ್ಲೌಸು.
ಕಮಲಾಕ್ಷಿ ಟೀಚರಿಗೆ ಬಲಭುಜ ಅರ್ಧ ಇಂಚು ತಗ್ಗು,
ಗುಲ್ಜಾರಕ್ಕನ ಮಗಳಿಗೆ ಕಂಕುಳಲ್ಲಿ ಹಿಡಿಯಬಾರದು,
ಇನ್ನೊಬ್ಬರಿಗೆ ಎಡಗಡೆ ಹತ್ತಿ ತುಂಬಿ ಹೊಲಿಯಬೇಕು.
ಆಪರೇಶನ್ ಆದದ್ದು ಅವರ ಸೊಸೆಗೂ ಗೊತ್ತಿಲ್ಲ.
ಅವರ ಹೆಸರು ಈ ಪುಸ್ತಕದಲ್ಲೂ ಇಲ್ಲ, ಅಳತೆ ಮಾತ್ರ.
ನಾನು ಹೋದರೆ ಅವರು ಯಾರ ಮುಂದೆ ಸೆರಗು ಸರಿಸುತ್ತಾರೆ?

ಭಾನುವಾರ ನೋಡಿಕೊಂಡು ಬರಲು ಹೋಗಿದ್ದೆವು.
ಕ್ವಾರ್ಟರ್ಸಿನ ಬಾಗಿಲು ಉಬ್ಬಿ ಕೂತಿತ್ತು,
ಪಕ್ಕದ ಮನೆ ಬಂಗಾರಮ್ಮ ಒದ್ದು ತೆರೆದರು.
ಒದ್ದವರೇ ನನ್ನ ಕಾಲಿಗೆ ಹತ್ತಿದ ಇಂಬಳಕ್ಕೆ ಸುಣ್ಣ ಹಚ್ಚಿ,
ಬ್ಲೌಸಿನ ಅಂಚು ಬೆರಳಲ್ಲಿ ಮಗುಚಿ ನೋಡಿದರು.
'ನೀವೇ ಹೊಲ್ದಿದ್ದಾ? ಎಷ್ಟ್ ತಗೋತ್ರಿ?'
ಲೈನಿಂಗ್ ಹಾಕಿ ಮುನ್ನೂರೈವತ್ತು ಅಂದೆ.
ನಕ್ಕರು. ಗೇಲಿಯ ನಗುವಲ್ಲ,
ಆಕಾಶಕ್ಕೆ ಏಣಿ ಹಾಕುವವರನ್ನು ಕಂಡರೆ
ನಗುತ್ತಾರಲ್ಲ, ಹಾಗೆ.

ಫೋನು ಸಿಗುವುದು ಮೋರಿಕಟ್ಟೆಯ ಮೇಲೆ ಮಾತ್ರ.
ಸಾಲಾಗಿ ನಿಂತಿದ್ದರು ನಾಲ್ಕೈದು ಜನ,
ಒಬ್ಬೊಬ್ಬರೂ ಒಂದೊಂದು ಗುಡ್ಡಕ್ಕೆ ಮುಖ ಮಾಡಿ
ತಂತಮ್ಮ ಸಾಲ, ಸಂಬಂಧ, ಜ್ವರ ಕೂಗಿ ಹೇಳುತ್ತ.
ಗುಟ್ಟು ಅನ್ನುವುದು ಅಲ್ಲಿ ಎಲ್ಲಿ ಮಲಗುತ್ತದೆ?
ಇಲ್ಲಾದರೋ, ಎದುರು ಬಳೆ ಅಂಗಡಿಯವನಿಗೆ
ಹನ್ನೊಂದು ವರ್ಷದಿಂದ ನನ್ನ ಹೆಸರು ಗೊತ್ತಿಲ್ಲ.
ಇದನ್ನೂ ಎರಡೂ ಕಡೆ ಬರೆಯಬಹುದು.

ನಮ್ಮ ಲೈನ್‌ಮನ್ನಿಗೆ ಮಾತ್ರ ಒಳಗೊಳಗೇ ಖುಷಿ.
ಕಂಬದಿಂದ ಕಂಬಕ್ಕೆ ನಡೆದೇ ಹೋಗಬೇಕು,
ಹೋದ ಕರೆಂಟು ಬಂದರೆ ಜನ ಕರೆದು ಕಾಫಿ ಕೊಡುತ್ತಾರೆ,
ಹಳೆಯ ಲೈನ್‌ಮನ್ ಹೇಳಿದ್ದನ್ನು
ಬಸ್ಸಿನಲ್ಲಿ ಮೂರು ಸಲ ಹೇಳಿದರು.
'ಹೋದದ್ದು ಎಷ್ಟು ದಿನಕ್ಕೆ ಬರುತ್ತದೆ?' ಕೇಳಿದೆ.
ಕಿಟಕಿಯಾಚೆ ಏನನ್ನೋ ನೋಡಿದರು.
ಹಾಗಾದರೆ ಮೋಟಾರು ಮಾರಬೇಕು,
ಅಮ್ಮನ ಕಾಲುಮಷೀನು ಅಟ್ಟದಿಂದ ಇಳಿಸಬೇಕು,
ಮಂಡಿ ಒಪ್ಪಬೇಕು.

ಹಾಳೆ ತುಂಬಿತು. ಕೂಡಿದೆ, ಕಳೆದೆ.
ಗೆರೆ ಇದ್ದಲ್ಲೇ ಇದೆ.
ದಿನದ ಲೆಕ್ಕ ಬರೆಯಲು ಪುಸ್ತಕದ ಮುಂದಕ್ಕೆ ಬಂದರೆ
ಭಾನುವಾರದ ತಾರೀಖಿನ ಕೆಳಗೆ ನನ್ನದೇ ಅಕ್ಷರ,
ಬಸ್ಸಿನ ಕುಲುಕಾಟಕ್ಕೆ ಸೊಟ್ಟಗೆ:
ಬಂಗಾರಮ್ಮ. ಎದೆ ಮೂವತ್ತೆಂಟು, ತೋಳು ಒಂಬತ್ತು,
ಬೆನ್ನು ಮುಚ್ಚು, ಒಳಗೆ ಒಂದಿಂಚು ಬಿಡುವುದು.
ಟೇಪು ಹಿಡಿದಿರಲಿಲ್ಲ. ಕಣ್ಣಳತೆ.
ಯಾವಾಗ ಬರೆದೆನೋ.

ದರ: ನೂರೈವತ್ತು.
ಕೊಡುವ ದಿನ: