ಹತ್ತು ಕಿಲೋದ ಹೆಜ್ಜಿ

ಕಬ್ಬು ನುರಿಸೂ ಹಂಗಾಮ ಸುರುವಾತಂದ್ರ
ನನ್ನ ಊಟಕ್ಕ ಊರಿಲ್ಲ.
ಸೋಮವಾರ ತೇರದಾಳ, ಮಂಗಳವಾರ ಮುಧೋಳ,
ಬುಧವಾರ ನಸುಕಿನ್ಯಾಗ ಜಮಖಂಡಿ ಕಡಿಂದ ಫೋನು:
"ಮೇಡಮ್ಮಾರ, ಕಾಟಾ ಕೈ ಕೊಟ್ಟೈತ್ರಿ,
ಗೇಟಿನ ಮುಂದ ಎಂಬತ್ತು ಟ್ರ್ಯಾಕ್ಟರ ನಿಂತಾವು."

ಹೊಂಡತೀವಿ.
ಗಾಡಿ ಹಿಂದ ಸರಕಾರಿ ಮುದ್ರಿ ಬಿದ್ದ
ಇಪ್ಪತ್ತು ಕಿಲೋದ ತೂಕದಕಲ್ಲು, ಸಾಲಾಗಿ.
ಸ್ಟೇರಿಂಗಿನ ಹಿಂದ ದಸ್ತಗೀರಸಾಬ,
ಅವನ ಹಲ್ಲಿನ ಹಿಂದ ನಿನ್ನಿ ಗಿರಮಿಟ್ಟಿನ ಉಳ್ಳಾಗಡ್ಡಿ.

ಐದು ವರ್ಷ ಹಿಂಗ ತಿಂದೆ:
ಬಸ್‌ಸ್ಟ್ಯಾಂಡ್ ಎದುರಿನ ಮಿರ್ಚಿ, ಚುರಮರಿ ಸೂಸಲ,
ಒಂದು ಕಟ್ ಚಾ, ಮತ್ತೊಂದು ಕಟ್ ಚಾ,
ಹೊತ್ತು ಇಳದ ಮ್ಯಾಲ ಮೆತ್ತಗಾದ ಬಿಸ್ಕೀಟು.
ಖಾನಾವಳಿ ಬಾಗಲಾ ಹಾಕೂ ಹೊತ್ತಿಗೆ
ಹಸಿವೀನೂ ಬಾಗಲಾ ಹಾಕಿರತಿತ್ತು.

ನೀರಂತೂ ಕುಡೀತಿರಲಿಲ್ಲ.
ಗಂಡಸರಿಗೆ ಕಬ್ಬಿನ ಮರಿಯೆಲ್ಲಾ ಜಾಗಾ.
ನನಗ, ಎಂಬತ್ತು ಡ್ರೈವರಗಳ ಕಣ್ಣು ದಾಟಿ
ಆಫೀಸಿನ ಹಿಂದ ಒಂದ ಬಾಗಲಾ,
ಅದರ ಕೀಲಿ ಮ್ಯಾನೇಜರರ ಮನಿಯಾಗ.
ತುಟಿ ಅಷ್ಟ ಹಸಿ ಮಾಡಿಕೊಂಡು
ಬಾಟಲಿ ಮುಚ್ಚತಿದ್ದೆ.

ಮಹಾಲಿಂಗಪುರದ ಡಾಕ್ಟರಬಾಯಿ
ರಕ್ತದ ಚೀಟಿ ನೋಡಿ ಕನ್ನಡಕ ತಗದ್ರು.
"ಎಂಟೂವರಿ. ಏನ ಕೆಲಸಾ ಮಾಡ್ತೀರಿ?"
"ತೂಕದಾಗಿನ ತಪ್ಪು ಹುಡಕತೀನ್ರಿ."
ಅವರು ನಗಲಿಲ್ಲ.

ಅವತ್ತ ರಾತ್ರಿ ಕಾಟಾ ರಿಪೇರಿ ಮುಗಿಸಿ
ಲಾರಿ ಏರೂಕಿಂತ ಮೊದಲ ನಾನ ಏರಿ ನಿಂತೆ.
ಕೆಂಪಂಕಿ ತಡವರಿಸಿ ಐವತ್ತು ಅಂತು.
ದಸ್ತಗೀರ ಟಾರ್ಚು ಕೈಗಿಟ್ಟ, ಐವತ್ತು.
ಪಾನಾ ಪಕ್ಕಡ ಇಟ್ಟ, ಐವತ್ತ.
ನೀರಿನ ಕ್ಯಾನು ಹಿಡದ ಕೂಡಲೆ
ಒಮ್ಮಿಗಿಲೆ ಅರವತ್ತು.
ಅರವತ್ತು ಟನ್ ಹೊರೂ ಯಂತ್ರ,
ಹತ್ತ್ಹತ್ತು ಕಿಲೋಕ್ಕ ಒಂದು ಹೆಜ್ಜಿ ಇಡತೈತಿ.
ನಡುವ ಸೋರಿದ್ದು, ನಡುವ ಕರಗಿದ್ದು
ಅದಕ್ಕ ಗೊತ್ತಾಗಂಗಿಲ್ಲ.
ನನ್ನ ಮೈಯನ್ನ ನಾ ಇಷ್ಟು ವರ್ಷ
ಇಂಥಾ ಕಾಟಾದ ಮ್ಯಾಲ ತೂಗಿದ್ದೆ.

ಯಾರ್ಡಿನ ತುದಿಗೆ ಮೂರು ಕಲ್ಲಿನ ಒಲಿ.
ಕಬ್ಬು ಕಡಿಯಾಕ ಬಂದ ಗ್ಯಾಂಗಿನ ಚಾಂದೂಬಾಯಿ,
ಬಾಗೇವಾಡಿ ಕಡೆ ತಾಂಡಾದಾಕಿ,
ಟಪ ಟಪ ರೊಟ್ಟಿ ಬಡೀತಿದ್ಲು.
"ಉಂಡೀ ಏನವಾ?"
"ಆಗೈತಿ" ಅಂದೆ, ರೂಢಿ ಬಾಯಿ.
ನನ್ನ ಕೈ ಜಗ್ಗಿ ಬೆಂಕಿ ಬೆಳಕಿಗೆ ಹಿಡದು
"ಸುಳ್ಳ ಹೇಳೂ ಮುಂದ
ಉಗುರು ಮುಚ್ಚಿಕೋಬೇಕು" ಅಂದ್ಲು.

ಬಿಸಿ ರೊಟ್ಟಿ. ಬೊಗಸಿ ತುಂಬ ಹಸಿ ಹಕ್ಕರಕಿ ತಪ್ಪಲ.
ಗುದ್ದಿದ ಉಳ್ಳಾಗಡ್ಡಿ, ಶೇಂಗಾ ಹಿಂಡಿ.
ನೀರಿನ ತಂಬಿಗಿ ಮುಂದ ಮಾಡಿದಾಗ
ನಾ ಕೈ ಅಡ್ಡ ಹಿಡದೆ.
ಆಕಿಗೆ ಹೇಳೂದ ಬೇಕಾಗಲಿಲ್ಲ.
ಕತ್ತಲಿಗೆ ಗದ್ದ ತೋರಿಸಿದ್ಲು:
ನಾಕು ಕೋಲು, ಒಂದು ಹಳೇ ಸೀರಿ.
"ನಾವೂ ಊರೂರು ತಿರುಗಾವ್ರ.
ಕುಡಿ."

ಆ ತಂಬಿಗಿ ಮುಗಿಸಾಕ ಎಷ್ಟೊತ್ತು ಹಿಡೀತೋ.

ಈಗ ತೂಕದಕಲ್ಲಿನ ಸಂದ್ಯಾಗ ನಾಕು ಕೋಲು ಅದಾವು,
ನಮ್ಮವ್ವನ ಇಳಕಲ್ ಸೀರಿ ಒಂದು.
ಟೂಲ್‌ಬಾಕ್ಸಿನ ಮ್ಯಾಲಿನ ಖಾನಿ ವಾಯರ ಪಾನಾ ತಗದು
ಕಡಕ್ ರೊಟ್ಟಿಗೆ ಬಿಟ್ಟೀನಿ, ಅಗಸಿ ಹಿಂಡಿ ಡಬ್ಬಿಗೆ.
ಮಡಕಿಕಾಳು ಅರಿವ್ಯಾಗ ಕಟ್ಟಿ
ಗಾಡಿ ಕನ್ನಡಿಗೆ ನೇತ ಹಾಕತೀನಿ.
ತೇರದಾಳದಾಗ ನೆನಸಿದ್ದು
ಲೋಕಾಪುರ ಮುಟ್ಟೂದರಾಗ ಮೂಗು ತಗದಿರತೈತಿ.
"ಇದೇನ ತಾಯತಾ?" ಅಂತಾನ ದಸ್ತಗೀರ,
ಅರ್ಧಾ ಅವನ ತಿಂತಾನ.
ಮಿರ್ಚಿ ಪೂರಾ ಬಿಟ್ಟೀನಿ ಅನ್ನಂಗಿಲ್ಲ.
ಮುಧೋಳದಾಗ ಗಾಡಿ ತಾನ ನಿಂದರತೈತಿ.

ಮೊನ್ನಿ ರಕ್ತದ ಚೀಟಿ: ಒಂಬತ್ತೂ ಮುಕ್ಕಾಲು.
ಇನ್ನೂ ಕಡಿಮಿ, ಅಂದ್ರು ಡಾಕ್ಟರಬಾಯಿ.

ಮತ್ತ ಫೋನು.
"ಎಲ್ಲಿದ್ದೀರಿ ಮೇಡಮ್ಮಾರ? ಸಾಲು ಹೆದ್ದಾರಿಗೆ ಹತ್ತೈತಿ!"
"ಊಟಕ್ಕ ಕುಂತೀವ್ರಿ" ಅಂದೆ.
ಆ ಕಡೆ ಮಾತ ನಿಂತಿತು.
ಹಿಂಗ ಯಾರೂ ಅಂದಿರಲಿಕ್ಕಿಲ್ಲ ಅವಗ.
ಘಟಪ್ರಭಾ ದಂಡಿ, ಬೇವಿನ ನೆರಳು,
ಬಾನೆಟ್ಟಿನ ಮ್ಯಾಲ ಹಾಸಿದ ಪೇಪರು.
ದಸ್ತಗೀರ ರೊಟ್ಟಿ ಮುರದ.
ಆ ಸಪ್ಪಳ ಫೋನಿನ್ಯಾಗ ಅವಗೂ ಕೇಳಿರಬೇಕು.