ತಗಡಿನ ಸೊನ್ನೆ

ಸ್ಕೋರ್‌ಬೋರ್ಡಿನ ಬೆನ್ನಿಗೆ, ಏಣಿಯ ಮೇಲೆ,
ಇಪ್ಪತ್ತಾರು ಬೇಸಿಗೆ ಕೂತವನು ನಾನು, ಹೋಸಿಯಾ ಟಾಲಿವರ್.
ಯಾರ ಕಣ್ಣಿಗೂ ಬೀಳದ ಕೆಲಸ,
ಅದಕ್ಕೇ ಆ ಕಾಲದ ಚಟನೂಗಾದಲ್ಲಿ
ಒಬ್ಬ ಕರಿಯ ಹುಡುಗನಿಗೆ ಸಿಕ್ಕಿತ್ತು.
ನನ್ನ ಮಟ್ಟಿಗೆ ಬೇಸ್‌ಬಾಲ್ ಎಂದರೆ
ಒಂದು ಗೇಣು ಕಿಂಡಿ.
ಬ್ಯಾಟು ಬೀಸಿದವನ ಮುಖ ಕಾಣುತ್ತಿರಲಿಲ್ಲ.
ಕಾಣುತ್ತಿದ್ದದ್ದು ಎಡಗಡೆ ಕಾಯುವವನ ಬೆನ್ನು.
ಅವನು ನನ್ನತ್ತ ತಿರುಗಿ ಓಡಿ ಬಂದರೆ ಹೊಡೆತ ದೊಡ್ಡದು,
ಓಡದೆ, ನಿಂತಲ್ಲೇ ಕತ್ತೆತ್ತಿದರೆ
ಇನ್ನೂ ದೊಡ್ಡದು.

ಈಗ ಗುರುವಾರ ಗುರುವಾರ ಎಲ್ರಾಯ್‌ನ ಕ್ಷೌರದಂಗಡಿಯಲ್ಲಿ
ಸತ್ತವರನ್ನೂ ಇದ್ದವರನ್ನೂ ಒಂದೇ ಅಂಗಳಕ್ಕಿಳಿಸಿ
ಆಡಿಸುತ್ತಾರೆ.
ಈ ಊರು ಕಂಡವರಲ್ಲಿ ದೊಡ್ಡವನು ಯಾರು?
ಡೇಲ್ ಹಟ್ಸೆಲ್ ಕೆಸಿಂಜರ್‌ನನ್ನು ಬಿಡುವವನಲ್ಲ,
ಅಪ್ಪನ ಹೆಗಲ ಮೇಲಿಂದ ಅವನನ್ನು ಕಂಡವನು:
'ಬೆಳಿಗ್ಗೆ ಫೌಂಡ್ರಿ, ಮೂರು ಗಂಟೆಗೆ ಮೈದಾನ,
ಕೈಗೆ ಗವುಸಿಲ್ಲ, ಬೊಬ್ಬೆಯೇ ಗವುಸು.
ಇವತ್ತಿನವರು ಒಂದು ವಾರ ಹಾಗೆ ಬಾಳಲಿ ನೋಡೋಣ.'
ಟಮಿಕಾ, ಎಲ್ರಾಯ್‌ನ ಮಗಳು, ಕತ್ತರಿ ಈಗ ಅವಳದೇ,
ಹೊಸ ಸ್ಟೇಡಿಯಮ್ಮಿನ ಒಲಿವೇರಾನನ್ನು ಫೋನಿನಲ್ಲಿ ತೋರಿಸುತ್ತಾಳೆ:
'ಗಂಟೆಗೆ ನೂರು ಮೈಲಿಯ ಚೆಂಡು, ಡೇಲ್.
ನಿಮ್ಮ ಕಾಲದ್ದು ಅಂಚೆಯಲ್ಲಿ ಬರುತ್ತಿತ್ತು.'
ಎಲ್ಲ ನಗುತ್ತಾರೆ.
ಡೇಲ್ ನಗುವುದಿಲ್ಲ, ಮೂವತ್ತು ವರ್ಷ ಅಂಚೆ ಹಂಚಿದವನು.

ಕೊನೆಗೆ ಲೆಕ್ಕ ಶುರು.
ಆಗಿನ ಚೆಂಡು ಮೆತ್ತಗೆ, ಅದಕ್ಕಿಷ್ಟು ಕೂಡು.
ಈಗಿನ ಗೋಡೆ ಹತ್ತಿರ, ಅದಕ್ಕಿಷ್ಟು ಕಳೆ.
ರಾತ್ರಿಯ ದೀಪ, ತಂಪು ಬಸ್ಸು, ಮೊಣಕೈಯ ಶಸ್ತ್ರಚಿಕಿತ್ಸೆ,
ಒಂದೊಂದಕ್ಕೂ ಒಂದೊಂದು ದಶಾಂಶ.
ಹಳೇ ಸೇರಿನಲ್ಲಿ ಅಳೆದದ್ದನ್ನು ಲೀಟರಿಗೆ ಸುರಿದಂತೆ.
ನೆಲಕ್ಕೆ ಚೆಲ್ಲಿದ್ದನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಚೆಲ್ಲಿದ್ದು ನನಗೆ ಗೊತ್ತು.
ಬಿಳಿಯರ ತಂಡ ಪರವೂರಿಗೆ ಹೋದ ಭಾನುವಾರ
ಮೈದಾನ ನಮ್ಮವರಿಗೆ ಬಾಡಿಗೆಗೆ.
ಏಣಿ ಅದೇ. ಕಿಂಡಿ ಅದೇ. ತಗಡುಗಳೂ ಅವೇ.
ಶುಕ್ರವಾರ ಕೆಸಿಂಜರ್ ತಂದ ನಾಲ್ಕು ಓಟಕ್ಕೆ ತೂಗಿದ ನಾಲ್ಕನ್ನೇ
ಆಂಬ್ರೋಸ್ ಗ್ಯಾಡಿಗೂ ತೂಗುತ್ತಿದ್ದೆ.
ಮೂಲೆಯಲ್ಲಿ ಬಣ್ಣ ಕಿತ್ತಿತ್ತು,
ಇಬ್ಬರಿಗೂ ಕಿತ್ತೇ ಇತ್ತು.
ಮಾರನೇ ದಿನದ ಪೇಪರಿನಲ್ಲಿ ಒಂದು ನಾಲ್ಕು ಇರುತ್ತಿತ್ತು.
ಇನ್ನೊಂದು, ನನ್ನ ಬೆರಳಿನ ತುಕ್ಕು.

ಒಂದು ಆಗಸ್ಟಿನಲ್ಲಿ
ಎಡಗಡೆಯವನು ನಿಂತಲ್ಲೇ ಕತ್ತೆತ್ತಿದ.
ಕತ್ತು ಹಿಂದಕ್ಕೆ, ಇನ್ನೂ ಹಿಂದಕ್ಕೆ,
ಟೋಪಿ ಬಿತ್ತು, ಅವನ ಕಣ್ಣು ನೇರ ನನ್ನ ಕಿಂಡಿಗೆ.
ಆಟದವನೊಬ್ಬ ನನ್ನನ್ನು ನೋಡಿದ್ದು ಅದೊಂದೇ ಸಲ.
ಆಮೇಲೆ ಸಿಡಿಲು.
ಏಳನೇ ಇನಿಂಗ್ಸಿನ ಸೊನ್ನೆ ಕಳಚಿ ನನ್ನ ಮಡಿಲಿಗೆ ಬಿತ್ತು,
ನಡುವೆ ಗುಳಿ.

ಬೇರೆ ಸೊನ್ನೆಗೆ ಕಾಸು ಕೊಡಲಿಲ್ಲ ಯಜಮಾನರು.
ಹಾಗಾಗಿ ಆಮೇಲೆ ವರ್ಷಗಟ್ಟಲೆ
ಯಾರು ಓಟ ಕಾಣದೆ ಮರಳಿದರೂ,
ಕೆಸಿಂಜರ್ ಆದರೂ,
ಅವರ ಹೆಸರಿನ ಮುಂದೆ ತೂಗಿದ್ದು
ಗ್ಯಾಡಿ ಹೊಡೆದ ಸೊನ್ನೆ.

'ನೀನು ಇಬ್ಬರನ್ನೂ ನೋಡಿದವನು, ಹೇಳು' ಅಂತ ಡೇಲ್ ಕೇಳಿದ.
ಬೆನ್ನು ನೋಡಿದವನಯ್ಯ ನಾನು, ಎಂದೆ.
ಮುಂದಿನ ಗುರುವಾರ ಅದನ್ನು ಚೀಲದಲ್ಲಿ ಒಯ್ದೆ.
ಮನೆಯಲ್ಲಿ ಹೂಕುಂಡದಡಿ ಇತ್ತು, ಮಣ್ಣು ಒರೆಸಿ.
ಒಲಿವೇರಾನ ಹೊಡೆತಗಳನ್ನೆಲ್ಲ ಅಡಿ, ಅಂಗುಲಗಳಲ್ಲಿ ಬಲ್ಲ ಟಮಿಕಾ
ಗುಳಿಗೆ ಹೆಬ್ಬೆರಳಿಟ್ಟು ಕೇಳಿದಳು, 'ಎಷ್ಟು ದೂರ?'
ಯಾರೂ ಅಳೆಯಲಿಲ್ಲ ಮಗಾ.

ಡೇಲ್ ಕನ್ನಡಕ ತೆಗೆದ. ತಗಡನ್ನು ಬೆಳಕಿಗೆ ಹಿಡಿದ.
ಆ ಸೊನ್ನೆ ಅವನು ಬಲ್ಲ,
ಅಪ್ಪನ ಹೆಗಲ ಮೇಲಿಂದ ಎಷ್ಟೋ ಸಲ ಕಂಡದ್ದು.
'ಆಲಿಕಲ್ಲು ಬಡಿದದ್ದು ಅಂದಿದ್ದ ನಮ್ಮಪ್ಪ' ಎಂದ.
ಬಹಳ ಹೊತ್ತು ವಾಪಸು ಕೊಡಲಿಲ್ಲ.

ಟಮಿಕಾ ಬಟ್ಟೆ ಕೊಡವಿದಳು, ಬಿಳಿ ಕೂದಲು ನೆಲಕ್ಕೆ.
'ಮುಂದೆ ಯಾರದು?' ಎಂದಳು.